ಜೋಡೆತ್ತಿನ ನಾಯಕ ಯಾವ ಕೈಯಲ್ಲಿ ಉಂಡ?

ಮಹಾದೇವಿ, ಬಸು, ಗೌರಾ, ನಾಲ್ಕು ಜನರ ಮುಂದೆ ನಿಮ್ಮ ಅಜ್ಜಿಗೆ ಬಾಯಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಬಂದವರಿಗೆ ನೀರು ಕೊಟ್ಟು, "ಆರಾಮ ಇದ್ದೀರೇನ್ರಿ" ಅಂದು ಒಳಗೆ ಹೋದರೆ ಅಲ್ಲಿಗೆ ನನ್ನ ಆ ದಿನದ ಭಾಷಣ ಮುಗಿಯಿತು. ಮೊನ್ನೆ ನೀವು ಮೂವರೂ ಯಾವುದೋ ಸಿನೆಮಾ ನೋಡಿ ಬಂದು, ಅದು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಊಟದ ತನಕ ಕಿತ್ತಾಡಿದಿರಿ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸು, "ಅಜ್ಜಿಗೇನ ತಿಳೀತೈತಿ ಬಿಡ್ರಿ, ಆಕಿ ಯಾವ ಪಿಚ್ಚರ್ ನೋಡ್ಯಾಳ" ಅಂದ. ನಾನು ತೆರೆದ ಬಾಯಿ ಮುಚ್ಚಿದೆ. ಅವರೆಕಾಯಿ ಮಾತ್ರ ಆ ದಿನ ಬಹಳ ಬೇಗ ಸುಲಿದು ಮುಗಿಯಿತು. ಬಸೂ, ನಾನು ನೋಡಿದ ಪಿಚ್ಚರ್‌ಗಳನ್ನು ನೀನು ನೋಡಿಲ್ಲ. ನಾನು ನೋಡಿದ ಹಾಗಂತೂ ಈಗ ಯಾರೂ ನೋಡಲಾರರು. ಒಂದೇ ಸಿನೆಮಾದ ಬಗ್ಗೆ ಇಬ್ಬರು ಜಗಳಾಡಿದರೆ ಅವರಲ್ಲಿ ಒಬ್ಬರದಾದರೂ ತಪ್ಪಿರಬೇಕು ಎಂದು ನೀವು ತಿಳಿದಿದ್ದೀರಿ. ಹಾಗೇನೂ ಇಲ್ಲ. ನಮ್ಮ ಇಂದೂರಿನಲ್ಲಿ ಒಂದು ಕಾಲಕ್ಕೆ ಊರಿಗೆ ಊರೇ ಜಗಳಾಡಿತ್ತು, ಮತ್ತು ಎಲ್ಲರದೂ ಸರಿ ಇತ್ತು. ಅದನ್ನು ಬಾಯಿಂದ ಹೇಳಲು ಆಗದ್ದರಿಂದ, ನಾಲ್ಕನೇ ಇಯತ್ತೆಯ ತನಕ ಕಲಿತ ಕೈಯಿಂದ ಬರೆಯುತ್ತಿದ್ದೇನೆ.

ಆಗ ನಾನು ಇಂದೂರಿನ ಮನೆಗೆ ಸೊಸೆಯಾಗಿ ಬಂದು ಏಳೆಂಟು ವರ್ಷಗಳಾಗಿದ್ದವು. ನಿಮ್ಮವ್ವ ಶಾಂತಾಳಿಗೆ ಐದು ತುಂಬಿತ್ತು. ಸುಗ್ಗಿ ಮುಗಿದು ಭತ್ತ ಮನೆ ಸೇರಿದ ಮೇಲೆ ಮುಂಡಗೋಡಿನ ಬಯಲಿನಲ್ಲಿ ಸಿನೆಮಾದ ತಂಬು ಏಳುತ್ತಿತ್ತು, ಮೊದಲ ಮಳೆಗೆ ಕೀಳುತ್ತಿತ್ತು. ನಾವು ಗಾಡಿ ಕಟ್ಟಿಕೊಂಡು ಹೊತ್ತು ಮುಳುಗುವುದರೊಳಗೆ ಹೋಗಿ, ಮೊದಲ ಆಟ ನೋಡಿ ಬರುತ್ತಿದ್ದೆವು. ಹೆಂಗಸರು ತಂಬಿಗೆ ಬರುವುದಕ್ಕೆ ಮೊದಲು ಹಿರಿಯರು ಒಪ್ಪಿರಲಿಲ್ಲವಂತೆ. ಗಂಡಸರ ಕಣ್ಣಿಗೆ ಬೀಳದ ಹಾಗೆ ಕೂಡಿಸಿದರೆ ಕಳಿಸುತ್ತೇವೆ ಅಂದರಂತೆ. ತಂಬಿನ ಮಾಲೀಕ ಜಾಣ. ನಟ್ಟ ನಡುವೆ ಸಿನೆಮಾದ ಪರದೆಯನ್ನೇ ಕಟ್ಟಿ, ಅದರ ಆಚೆ ಗಂಡಸರನ್ನು, ಈಚೆ ನಮ್ಮನ್ನು ಕೂಡಿಸಿದ. ಚಿತ್ರ ಬಿಡುವ ಅವನ ಮಿಶನ್ನು ಗಂಡಸರ ಬೆನ್ನ ಹಿಂದೆ. ಪರದೆ ಎಂದರೆ ತೆಳ್ಳನೆಯ ಬಿಳಿ ಅರಿವೆ. ಆಟಕ್ಕೆ ಮೊದಲು ಒಬ್ಬ ಬಂದು ಅದಕ್ಕೆ ಚೆನ್ನಾಗಿ ನೀರು ಎರಚುತ್ತಿದ್ದ, ಬೆಳಕು ಪಾರಾಗಿ ನಮ್ಮ ಕಡೆಗೂ ಚಿತ್ರ ಕಾಣಲಿ ಎಂದು. ಮುಂದೆ ಕೂತವರಿಗೆ ಅರ್ಧ ಸ್ನಾನವಾಗುತ್ತಿತ್ತು. ಬೇಸಿಗೆಯಲ್ಲಿ ಅದೂ ಹಿತವೇ.

ಬರುತ್ತಿದ್ದವು ಬಹಳ ಮಾಡಿ ರಾಜ ಮಹಾರಾಜರ ಚಿತ್ರಗಳು, ದೇವರ ಚಿತ್ರಗಳು. ಅವುಗಳ ನಡುವೆ ಬಂದವು ಜೋಡೆತ್ತಿನ ಚಿತ್ರಗಳು. ಅವುಗಳನ್ನು ತೆಗೆಯುತ್ತಿದ್ದವರು ಇಬ್ಬರು, ಮೈಸೂರಿನ ಕಡೆಯವರಂತೆ. ಒಬ್ಬರೇ ಯಾವುದನ್ನೂ ತೆಗೆದವರಲ್ಲ. ಅವರನ್ನು ಜೋಡೆತ್ತು ಅಂತ ಮೊದಲು ಕರೆದವರು ನಿಮ್ಮಜ್ಜ. ಅವರ ಹೆಸರು ಗಂಡಸರಿಗೆ ಗೊತ್ತಿತ್ತು, ಹೆಂಗಸರಿಗೆ ಗೊತ್ತಿರಲಿಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಓಣಿಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಪರದೆಯ ಮೇಲೆ ಅಕ್ಷರ ಬಂದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗಿ, "ಓದ ನೀಲಾ, ಯಾರ ಮಾಡ್ಯಾರ ನೋಡು" ಅಂದರು. ನಾನು ನೋಡಿದೆ. ಒಂದು ಅಕ್ಷರವೂ ತಿಳಿಯಲಿಲ್ಲ. ಕನ್ನಡದ್ದೇ ಅನ್ನಿಸುತ್ತಿತ್ತು, ಆದರೆ ಎಲ್ಲವೂ ನನ್ನ ಮೇಲೆ ಸಿಟ್ಟಾಗಿ ಮಾರಿ ತಿರುಗಿಸಿ ಕೂತ ಹಾಗಿದ್ದವು. ಒಲೆಯ ಮುಂದೆ ಕೂತೂ ಕೂತೂ ಕಲಿತದ್ದು ಮರೆತೇ ಹೋಯಿತೇ ಎಂದು ಅಂಜಿದೆ. ನಮ್ಮ ಮಾವನವರು ಸಂತೆಯಲ್ಲಿ ನಾಲ್ಕು ಜನರ ಮುಂದೆ, "ನಮ್ಮ ಸೊಸಿ ಕಾಗದ ಓದ್ತಾಳ" ಎಂದು ಹೇಳಿಕೊಂಡು ತಿರುಗಿದವರು. ಬರುವುದಿಲ್ಲ ಅನ್ನಲು ನಾಚಿಕೆ. ನಿಮ್ಮಜ್ಜ ಜೋಡೆತ್ತು ಅಂದದ್ದು ತಲೆಯಲ್ಲಿತ್ತು. ನನ್ನ ತವರಿನ ಎತ್ತುಗಳ ಹೆಸರು ನಾಲಿಗೆಗೆ ಬಂತು. "ಬಸಪ್ಪ, ಮಾಲಪ್ಪ" ಅಂದೆ. ನಮ್ಮ ಅತ್ತೆಯವರು ಸಂತೋಷದಿಂದ, "ಹೆಸರ ಕೇಳಿದ್ರ ನಮ್ಮ ಕಡೆಯವ್ರ ಅನಸ್ತೈತಿ" ಅಂದರು. ಅಲ್ಲಿಂದ ಮುಂದೆ ಇಂದೂರಿನ ಹೆಂಗಸರಿಗೆಲ್ಲ ಆ ಇಬ್ಬರು ಮಹಾನುಭಾವರು ಬಸಪ್ಪ ಮತ್ತು ಮಾಲಪ್ಪ. ಅವರು ಎಲ್ಲಿದ್ದಾರೋ, ನನ್ನನ್ನು ಕ್ಷಮಿಸಲಿ.

ಈ ಚಿತ್ರಗಳ ರೀತಿಯೇ ಬೇರೆ. ಅವಕ್ಕೆ ಹೆಸರಿದ್ದರೂ ನಾವು ನಮ್ಮ ಹೆಸರನ್ನೇ ಇಟ್ಟುಕೊಂಡಿದ್ದೆವು. ಹಾಲಿನ ಪಿಚ್ಚರ್‌ನಲ್ಲಿ ನಾಯಕ ನಾಯಕಿ ಹಾಡುತ್ತಿರುತ್ತಾರೆ, ಚಂದ್ರ ಇದ್ದಾನೆ, ಎಲ್ಲ ಇದೆ. ಹಾಡಿನ ನಡುವೆ ಆಕೆ, "ತಡೀರಿ, ಹಾಲು ಉಕ್ತಾ ಇದೆ" ಅಂದು ಒಳಗೆ ಓಡಿಬಿಡುತ್ತಾಳೆ. ತಬಲಾ ಒಂದೇ ನುಡಿಯುತ್ತಿರುತ್ತದೆ. ನಾಯಕ ಏನು ಮಾಡಬೇಕು ತಿಳಿಯದೆ ಕೈ ಕಟ್ಟಿಕೊಂಡು ನಿಲ್ಲುತ್ತಾನೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಿಟ್ಟ ಸಾಲಿನಿಂದ ಹಾಡುತ್ತಾಳೆ. ಗಂಡಸರ ಕಡೆಯಿಂದ ಶಿಳ್ಳೆ, ಬೈಗುಳ ಕೇಳಿಸಿತು. ನಮ್ಮ ಕಡೆ ಹಾಲು ಉಳಿಯಿತೋ ಇಲ್ಲವೋ ಎಂಬುದೇ ಎಲ್ಲರ ಚಿಂತೆ. ಛತ್ರಿ ಪಿಚ್ಚರ್‌ನಲ್ಲಿ ನಾಯಕ ಛತ್ರಿ ರಿಪೇರಿ ಮಾಡುವವನು. ಮದುವೆಗೆ ದುಡ್ಡಿಲ್ಲದೆ ಇಡೀ ಬೇಸಿಗೆ ಮಳೆಗಾಗಿ ಕಾಯುತ್ತಾನೆ. ಕೊನೆಗೆ ಮಳೆ ಬಂತು ನೋಡಿ, ಊರೆಲ್ಲ ಹರಿದ ಛತ್ರಿ ಹಿಡಿದು ಓಡಿ ಬಂದು ಅವನಿಗೆ ತಾಳಿ ಕಟ್ಟಲು ಪುರುಸೊತ್ತಿಲ್ಲ. ಮದುವೆ ಮಂಟಪದಲ್ಲೇ ಛತ್ರಿ ಹೊಲಿಯುತ್ತಾನೆ, ವಧು ದಾರ ಪೋಣಿಸಿ ಕೊಡುತ್ತಾಳೆ, ಚಿತ್ರ ಮುಗಿಯಿತು. ಕೆಟ್ಟ ಮನುಷ್ಯನೂ ಒಬ್ಬ ಇರುತ್ತಿದ್ದ. ಆದರೆ ಅವನಿಗೆ ಹೊಟ್ಟೆನೋವು ಬಂದಾಗ ನಾಯಕನ ತಾಯಿಯೇ ಓಮದ ಕಷಾಯ ಮಾಡಿ ಕೊಡುತ್ತಾಳೆ, ಆಮೇಲೆ ಅವನಿಗೆ ಕೆಟ್ಟದ್ದು ಮಾಡಲು ಮನಸ್ಸಾಗುವುದಿಲ್ಲ. ಇಂಥ ಚಿತ್ರಗಳು.

ಮರುದಿನದಿಂದ ನಮ್ಮ ಮನೆಯ ಕಟ್ಟೆಯ ಮೇಲೆ ಪಂಚಾಯತಿ ಶುರು. ನಿಮ್ಮಜ್ಜ ಜೋಡೆತ್ತಿನ ಮೊದಲ ಭಕ್ತರು. ಅವರ ತಮ್ಮ, ನಿಮ್ಮ ಸಣ್ಣಜ್ಜ ಶಿವಪ್ಪ, ಕತ್ತಿ ಕುದುರೆಯ ಪಕ್ಷ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ.

"ಅಣ್ಣಾ, ಅದೇನ್ ಪಿಚ್ಚರ್? ಕತ್ತಿ ಇಲ್ಲ, ಕುದುರಿ ಇಲ್ಲ. ಹೀರೋ ಅಂದ್ರ ಛತ್ರಿ ರಿಪೇರಿ ಮಾಡಾಂವ! ಅದನ್ನ ನೋಡಾಕ ತಿಕೀಟ ಯಾಕ, ಸಂತ್ಯಾಗ ಪುಕ್ಕಟ ನೋಡಬಹುದು."

"ಸಂತ್ಯಾಗ ನೋಡೀಯೇನ ನೀ?"

"ಹೋದ ಮಳಗಾಲದಾಗ ನನ್ನ ಛತ್ರಿ ಅವನ ಕಡೇನ ಮಾಡಸೇನಿ."

"ಮಾಡಸೀದಿ. ಅವನ ಮಾರಿ ಹೆಂಗಿತ್ತು, ಹೇಳು ನೋಡೂಣು?"

ಶಿವಪ್ಪ ಬಹಳ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ.

"ಅದಕ್ಕ ತಿಕೀಟ," ಅಂದರು ನಿಮ್ಮಜ್ಜ.

ನಾನು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಆ ಮಾತನ್ನೇ ನೆನೆಸಿಕೊಂಡೆ. ದೊಡ್ಡ ದೊಡ್ಡ ಜನ ಸಿನೆಮಾದ ಬಗ್ಗೆ ಬರೆದದ್ದನ್ನು ಆಮೇಲೆ ಪತ್ರಿಕೆಗಳಲ್ಲಿ ಓದಿದ್ದೇನೆ. ಅದಕ್ಕಿಂತ ದೊಡ್ಡ ಮಾತನ್ನು ನಾನು ಕಂಡಿಲ್ಲ. ನನ್ನ ಗಂಡ ಹೇಳಿದ್ದೆಂದು ಹೀಗೆ ಅನ್ನುತ್ತಿಲ್ಲ. ಸ್ವಲ್ಪ ಅದಕ್ಕೂ ಇರಬಹುದು. ಆದರೆ ಶಿವಪ್ಪನವರೂ ಸುಮ್ಮನೆ ಬಿಡುವವರಲ್ಲ. ಅಳಿಸುವ ಭಾಗ ಒಬ್ಬ ಮಾಡುತ್ತಾನೆ, ನಗಿಸುವ ಭಾಗ ಇನ್ನೊಬ್ಬ ಮಾಡುತ್ತಾನೆ, ಇಬ್ಬರಿಗೂ ಮಾತುಕತೆ ಇಲ್ಲ, ಅದಕ್ಕೇ ಚಿತ್ರ ಹೀಗೆ ಎಡವಟ್ಟಾಗುತ್ತದೆ ಎಂದು ಅವರ ವಾದ. "ಜೋಡೆತ್ತಿನಾಗ ಒಂದು ಹೊಲಕ್ಕ ಎಳೀತೈತಿ, ಇನ್ನೊಂದು ಕೆರಿಗೆ ಎಳೀತೈತಿ" ಅನ್ನುತ್ತಿದ್ದರು. ನಿಮ್ಮಜ್ಜ, "ಆದ್ರೂ ಬಿತ್ತಿಗಿ ಆಗೇತಲ್ಲೋ" ಅನ್ನುತ್ತಿದ್ದರು.

ಇನ್ನು ಮುಖ್ಯ ಸಂಗತಿ. ರಾಜರ ಚಿತ್ರಗಳಲ್ಲಿ ಯಾರೂ ಉಣ್ಣುವುದಿಲ್ಲ, ಗಮನಿಸಿದ್ದೀರಾ? ಮೂರು ತಾಸು ಹಾಡುತ್ತಾರೆ, ಬಡಿದಾಡುತ್ತಾರೆ, ಒಂದು ತುತ್ತು ತಿನ್ನುವುದಿಲ್ಲ. ಜೋಡೆತ್ತಿನ ಚಿತ್ರದಲ್ಲಿ ಹಾಗಲ್ಲ. ಪ್ರತಿ ಚಿತ್ರದಲ್ಲೂ ನಾಯಕ ಒಮ್ಮೆ ಕೂತು ಮೊದಲ ತುತ್ತಿನಿಂದ ಕೈ ತೊಳೆಯುವ ತನಕ ಪೂರ್ತಿ ಉಣ್ಣುತ್ತಾನೆ. ಅದು ಅವರ ಮುದ್ರೆ ಇದ್ದ ಹಾಗೆ. ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರು ನಾಲ್ಕು ವರ್ಷಗಳಾಗಿದ್ದವಷ್ಟೇ. ಮೈಸೂರಿನವರು ಏನು ತಿನ್ನುತ್ತಾರೆ ಎಂದು ನಮ್ಮ ಓಣಿಗೆ ತಿಳಿದದ್ದೇ ಈ ಚಿತ್ರಗಳಿಂದ. ಛತ್ರಿಯವನು ರಾಗಿ ಮುದ್ದೆಯನ್ನು ಅಗಿಯದೆ ನುಂಗಿದಾಗ ನಮ್ಮ ಅತ್ತೆಯವರು, "ಯವ್ವಾ, ಹಲ್ಲಿಲ್ಲೇನ ಈ ಹುಡುಗಗ!" ಎಂದು ಮರುಗಿದ್ದರು. ಆದರೆ ಅವರ ಕಣ್ಣು ನೆಟ್ಟದ್ದು ಇನ್ನೊಂದರ ಮೇಲೆ. ಅವನು ಎಡಗೈಯಲ್ಲಿ ಉಣ್ಣುತ್ತಿದ್ದ. ನಾವೆಲ್ಲ ಕಣ್ಣಾರೆ ನೋಡಿದೆವು. ಎಡಗೈಯಲ್ಲಿ ಮುರಿದು, ಎಡಗೈಯಲ್ಲಿ ಸಾರಿನಲ್ಲಿ ಅದ್ದಿ, ಎಡಗೈಯಿಂದ ಬಾಯಿಗೆ. ಚಿತ್ರದಲ್ಲಿ ಅವನ ತಾಯಿ ಬೈಯುವುದಿಲ್ಲ. ತಲೆ ಸವರಿ, "ಇನ್ನೊಂಚೂರು ತಿನ್ನು ಮಗನೇ" ಎಂದು ತುಪ್ಪ ಬಡಿಸುತ್ತಾಳೆ.

ನಿಮ್ಮವ್ವ ಎಡಚಿ ಅಂತ ನಿಮಗೆ ಗೊತ್ತು. ಆ ಎಡಗೈ ಉಳಿದದ್ದು ಹೇಗೆ ಅಂತ ಗೊತ್ತಿಲ್ಲ. ಎಡಗೈಯಲ್ಲಿ ಉಣ್ಣುವ ಹೆಣ್ಣು ಮಗುವನ್ನು ನಾಳೆ ಕೊಟ್ಟ ಮನೆಯವರು ಏನಂದಾರು ಎಂದು ಅತ್ತೆಯವರು ಹಳೆಯ ಸೀರೆಯ ಅಂಚು ಹರಿದು, ಊಟದ ಹೊತ್ತಿಗೆ ಅವಳ ಎಡಗೈಯನ್ನು ಬೆನ್ನಿಗೆ ಸೇರಿಸಿ ಕಟ್ಟುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಅವರ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು. ಮಗು ಬಲಗೈಯಲ್ಲಿ ತುತ್ತು ಎತ್ತಿದರೆ ಅರ್ಧ ಮಡಿಲಿಗೆ, ಅರ್ಧ ನೆಲಕ್ಕೆ. ಚೆಲ್ಲಿದ್ದಕ್ಕೆ ಬೈಗುಳ, ಬೈದದ್ದಕ್ಕೆ ಅಳು, ಅತ್ತದ್ದಕ್ಕೆ ಊಟ ಸಾಕು. ನಾಲ್ಕು ತಿಂಗಳಲ್ಲಿ ಮಗುವಿನ ಕುತ್ತಿಗೆಯ ಎಲುಬು ಕಾಣುತ್ತಿತ್ತು. ತಟ್ಟೆ ಕಂಡರೆ ಓಡಿ ಹೋಗಿ ದನದ ಕೊಟ್ಟಿಗೆಯಲ್ಲಿ ಅಡಗುತ್ತಿದ್ದಳು. ನಾನು? ನಾನು ಒಲೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಅತ್ತೆಯವರ ಎದುರಿಗೆ ನಾನು ಮಾತಾಡಿದವಳೇ ಅಲ್ಲ.

ಛತ್ರಿ ಪಿಚ್ಚರ್ ನೋಡಿ ಬಂದ ಮರುದಿನ ಶಾಂತಾಳ ಮುಂದೆ ತಟ್ಟೆ ಇಟ್ಟಾಗ ಅತ್ತೆಯವರು ಗೂಟದಿಂದ ಆ ಸೀರೆ ಅಂಚನ್ನು ತೆಗೆದುಕೊಂಡರು. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಹೋಗಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಅದನ್ನು ಗಟ್ಟಿಯಾಗಿ ಕಟ್ಟಿ ಬಂದು, "ಉಣ್ಣವಾ, ಯಾವ ಕೈಲೆ ಬೇಕೋ ಆ ಕೈಲೆ ಉಣ್ಣು. ಅಂಥಾ ದೊಡ್ಡ ಮಂದೀನ ಉಣ್ತಾರಂತ" ಅಂದರು. ಶಾಂತಾ ಮೂರು ಸಲ ನೀಡಿಸಿಕೊಂಡಳು. ನಾನು ಒಲೆಯ ಕಡೆಗೇ ಮುಖ ಮಾಡಿದ್ದೆ. ಹೊಗೆ ಇಲ್ಲದಿದ್ದರೂ ಕಣ್ಣು ಒರೆಸಿಕೊಂಡೆ.

ಸುಖ ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ಶಿವಪ್ಪನವರು ಊಟಕ್ಕೆ ಬಂದು, ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದ ಮಗುವನ್ನು ಕಂಡರು.

"ಏನಬೇ ಯವ್ವಾ, ಕೈ ಬಿಚ್ಚಿಬಿಟ್ಟೆಲ್ಲ?"

"ಬಿಚ್ಚೇನಿ. ಸಿನೆಮಾದಾಗಿನ ಛತ್ರಿಯಾಂವ ಉಣ್ಲಿಲ್ಲೇನ ಎಡಗೈಲೆ? ಅವನ ಕೈ ಯಾರ ಕಟ್ಯಾರ?"

"ಎಡಗೈಲೆ? ಬಲಗೈಲೆ ಉಂಡಾನ ಬೇ! ನಾ ಮುಂದ ಕುಂತು ನೋಡೇನಿ."

"ನಾವೇನ ಮಲಕೊಂಡಿದ್ದಿವೇನ? ನಲವತ್ತು ಹೆಂಗಸರು ನೋಡೇವಿ."

"ನಾವು ನೂರು ಗಂಡಸರು ನೋಡೇವಿ!"

ಸಂಜೆಯೊಳಗೆ ಇಂದೂರು ಎರಡಾಯಿತು. ಬಾವಿಕಟ್ಟೆಯ ಮೇಲೆ ಎಲ್ಲರೂ ಎಡಗೈ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಬಲಗೈ. ಗಂಡ ಹೆಂಡತಿಯರು ಮಾತು ಬಿಟ್ಟರು. ಪಕ್ಕದ ಮನೆಯ ಕಾಶವ್ವ ತನ್ನ ಗಂಡನಿಗೆ, "ನಿಮಗ ಎಡಾ ಬಲಾ ತಿಳೀದಂಗ ಆಗೇತಂದ್ರ ಗಾಡಿ ಹೆಂಗ ಹೊಡೀತೀರಿ?" ಎಂದು ಕೇಳಿದ್ದು ನಮ್ಮ ಮನೆಗೆ ಕೇಳಿಸಿತು. ಚಿತ್ರದಲ್ಲಿ ಕಥೆ ಏನಿತ್ತು, ಹಾಡು ಹೇಗಿತ್ತು ಎಲ್ಲ ಮರೆತೇ ಹೋಯಿತು. ಕೊನೆಗೆ ಅತ್ತೆಯವರು ಎದ್ದು ನಿಂತು ತೀರ್ಪು ಕೊಟ್ಟರು: "ಜೋಡೆತ್ತಿನ ಮುಂದಿನ ಪಿಚ್ಚರ್ ಬರ್ಲಿ. ಆ ಹೀರೋ ಬಲಗೈಲೆ ಉಂಡ್ರ ಶಾಂತಿ ಕೈ ಮತ್ತ ಕಟ್ಟತೇನಿ. ಎಡಗೈಲೆ ಉಂಡ್ರ ಯಾರೂ ತುಟಿ ಪಿಟಕ್ಕನಬಾರದು."

ಅದಾದ ಎರಡನೇ ದಿನ ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಿಮ್ಮಜ್ಜನ ಹೊಸ ಧೋತರ, ಅಂಚಿನಲ್ಲಿ ಗಿರಣಿಯ ಮುದ್ರೆ ಇನ್ನೂ ಹೋಗಿರಲಿಲ್ಲ. ಆಚೆಯಿಂದ ಬಿಸಿಲು ಬಿದ್ದಿತ್ತು. ನೋಡುತ್ತೇನೆ, ಒದ್ದೆ ಅರಿವೆಯ ಮೇಲೆ ಅವೇ ಅಕ್ಷರ! ತಂಬಿನಲ್ಲಿ ನನಗೆ ಮಾರಿ ತಿರುಗಿಸಿ ಕೂತಿದ್ದವಲ್ಲ, ಅದೇ ಸಿಟ್ಟಿನ ಅಕ್ಷರ. ಧೋತರದ ಆಚೆ ಹೋಗಿ ನೋಡಿದೆ, ನೆಟ್ಟಗಿದ್ದವು. ಈಚೆ ಬಂದೆ, ತಿರುವಿದ್ದವು. ಹೀಗೆ ಆರೇಳು ಸಲ ಧೋತರದ ಸುತ್ತ ತಿರುಗಿದೆ. ಕಾಶವ್ವ ಬೇಲಿಯ ಮೇಲಿಂದ, "ಯಾಕ ನೀಲಾ, ಧೋತರಕ್ಕ ಪ್ರದಕ್ಷಿಣಿ ಹಾಕಾಕತ್ತೀಯಲ್ಲ, ಇವತ್ತೇನ ವಾರ?" ಅಂದಳು. ಪರದೆಯ ಹಿಂದೆ ಕೂತಿದ್ದೇವೆ ಎಂದು ನಮಗೆಲ್ಲ ಗೊತ್ತೇ ಇತ್ತು. ಹಿಂದೆ ಕೂತವರಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮೊದಲು ನನಗಾದದ್ದು ಸಂತೋಷ: ನನ್ನ ಓದು ಎಲ್ಲಿಗೂ ಹೋಗಿಲ್ಲ! ಮರುಕ್ಷಣವೇ ಇನ್ನೊಂದು ಹೊಳೆಯಿತು. ಛತ್ರಿಯವನು ಉಂಡದ್ದು ಬಲಗೈಯಲ್ಲೇ. ಮುಂದೆ ಬರುವವನು ಉಣ್ಣುವುದೂ ಬಲಗೈಯಲ್ಲೇ. ನನ್ನ ಮಗಳ ಕೈ ಉಳಿಯುವುದೂ ಕಟ್ಟಿಸಿಕೊಳ್ಳುವುದೂ ಅತ್ತೆಯವರು ಆ ಅರಿವೆಯ ಯಾವ ಮಗ್ಗುಲಿಗೆ ಕೂಡುತ್ತಾರೆ ಎಂಬುದರ ಮೇಲಿದೆ.

ಮುಂದಿನದು ಬಂತು, ಟಪಾಲಿನ ಪಿಚ್ಚರ್. ಇಂದೂರಿನಿಂದ ಒಂಬತ್ತು ಗಾಡಿ ಹೊರಟವು. ಯುದ್ಧಕ್ಕೆ ಹೋದಹಾಗೆ. ತಂಬಿನ ಬಾಗಿಲಲ್ಲಿ ಶಿವಪ್ಪನವರು ಹಲ್ಲು ಕಿರಿಯುತ್ತ ಬಂದು, "ಯವ್ವಾ, ನಿನಗ ಮುಂದ ಖುರ್ಚಿ ತಿಕೀಟ ತಗಸೇನಿ. ಹಿಂದ ಕುಂತು ಕಣ್ಣ ಮಂಜ ಆಗ್ಯಾವ ನಿನಗ. ನಮ್ಮ ಜೋಡಿ ಕುಂತು ಚಂದಂಗ ನೋಡು" ಅಂದರು. ಅತ್ತೆಯವರಿಗೆ ಖುರ್ಚಿ ಎಂದರೆ ಆಸೆ. ಒಂದು ಹೆಜ್ಜೆ ಆ ಕಡೆ ಇಟ್ಟೇಬಿಟ್ಟರು. ಮಕ್ಕಳೇ, ಮೈದುನನ ಎದುರಿಗೆ ನಾನು ಅದುವರೆಗೆ ಒಂದು ಶಬ್ದ ಆಡಿರಲಿಲ್ಲ. ಆದರೂ ನನ್ನ ಬಾಯಿಂದಲೇ ಬಂತು, "ಅತ್ತೀ, ಅಷ್ಟು ಗಂಡಸರ ನಡುವ ನೀವೊಬ್ರ ಕೂಡ್ತೀರೇನ್ರಿ?"

ಅತ್ತೆಯವರು ನಿಂತರು. ಸೆರಗು ಎಳೆದುಕೊಂಡರು. "ಹೌದಲ್ಲ! ಶಿವ್ಯಾ, ಬುದ್ಧಿ ಐತೇನೋ ನಿನಗ? ಹಣ್ಣ ಮುದುಕಿನ್ನ ಗಂಡಸರ ಸಂತ್ಯಾಗ ಕೂಡಸ್ತಾನಂತ!" ಎಂದು ನಮ್ಮ ಕಡೆ ತಿರುಗಿದರು. ಶಿವಪ್ಪನವರು ನನ್ನನ್ನು ನೋಡಿ, "ವೈನೀ, ನಿಮಗ ಮಾತ ಬರ್ತೈತ್ರಿ?" ಅಂದರು. ಅಣಕಿಸಿದ್ದಲ್ಲ, ನಿಜವಾಗಿ ಆಶ್ಚರ್ಯವಾಗಿತ್ತು. ನನಗೂ ಆಗಿತ್ತು.

ಟಪಾಲಿನ ಪಿಚ್ಚರ್ ಜೋಡೆತ್ತಿನ ಚಿತ್ರಗಳಲ್ಲೇ ಶ್ರೇಷ್ಠ ಎಂದು ನಿಮ್ಮಜ್ಜ ಹೇಳುತ್ತಿದ್ದರು. ನಾನೂ ಒಪ್ಪುತ್ತೇನೆ. ಓದು ಬಾರದ ಊರಿನಲ್ಲಿ ಟಪಾಲಿನವನೇ ಎಲ್ಲರಿಗೂ ಕಾಗದ ಓದಿ ಹೇಳುತ್ತಾನೆ. ಕೆಟ್ಟ ಸುದ್ದಿ ಇದ್ದರೆ ಅವನಿಗೆ ಹೇಳಲು ಮನಸ್ಸು ಬಾರದೆ ಒಳ್ಳೆಯ ಸುದ್ದಿ ಮಾಡಿ ಓದಿಬಿಡುತ್ತಾನೆ. ಆಮೇಲೆ ತಾನು ಹೇಳಿದ ಸುಳ್ಳನ್ನು ನಿಜ ಮಾಡಲು ಊರೂರು ಓಡಾಡುತ್ತಾನೆ. ಎತ್ತುಗಳ ಹೆಸರು ಓದಿದ್ದ ನನಗೆ ಅವನ ಕಷ್ಟ ಬೇರೆಯವರಿಗಿಂತ ಹೆಚ್ಚು ತಿಳಿಯಿತು. ಆದರೆ ಆ ದಿನ ಕಥೆ ನೋಡಿದವರು ಎಷ್ಟು ಜನವೋ. ಅವನು ಊಟಕ್ಕೆ ಕೂತಾಗ ಪರದೆಯ ಎರಡೂ ಕಡೆ ಎಲ್ಲರೂ ಕತ್ತು ಚಾಚಿದರು. ಅವನು ತುತ್ತು ಎತ್ತಿದ. ಆಚೆಯಿಂದ "ಹೋ!" ಎಂದು ಗಂಡಸರ ಗೆಲುವಿನ ಕೂಗು. ಅದೇ ಕ್ಷಣಕ್ಕೆ ಈಚೆಯಿಂದ ಹೆಂಗಸರ ಚಪ್ಪಾಳೆ. ಪಾಪ, ಬೇರೆ ಊರಿನಿಂದ ಬಂದವರು, ಒಂದು ತುತ್ತು ತಿಂದದ್ದಕ್ಕೆ ಇಂದೂರಿನವರು ಇಷ್ಟು ಕುಣಿಯುತ್ತಾರಲ್ಲ, ಇವರ ಊರಲ್ಲಿ ಅನ್ನವಿಲ್ಲವೇ ಅಂದುಕೊಂಡಿರಬೇಕು.

ಹೊರಗೆ ಬಂದ ಮೇಲೆ ಅತ್ತೆಯವರೂ ಶಿವಪ್ಪನವರೂ ಒಟ್ಟಿಗೇ, "ನೋಡಿದ್ರಿಲ್ಲೋ?" ಅಂದರು. ಜಗಳ ಮೊದಲಿಗಿಂತ ಎರಡು ಪಟ್ಟಾಯಿತು. ಮರುದಿನ ಬೆಳಿಗ್ಗೆ ಅತ್ತೆಯವರು ನಿಮ್ಮಜ್ಜನ ಕಡೆ ಕೈ ತೋರಿಸಿ, "ದೊಡ್ಡಾಂವ ಬಾಯಿ ಬಿಡವಲ್ಲ. ಅವಗ ಸಿನೆಮಾ ತಿಳೀತೈತಿ. ಅವ ಹೇಳಿದ್ದ ಕಡೀ ಮಾತು" ಅಂದರು. ಮಧ್ಯಾಹ್ನ ಕಟ್ಟೆಯ ಮೇಲೆ ಎಲ್ಲರೂ ಸೇರುವುದು ಎಂದಾಯಿತು. ನಿಮ್ಮಜ್ಜ ಹಿತ್ತಲಿಗೆ ಬಂದು ನನ್ನನ್ನು ಕೇಳಿದರು, "ಏನ ನಡದೈತಿ? ನಿನ್ನಿ ಶಿವ್ಯಾನ ಮುಂದ ಬಾಯಿ ತಗದಿ ಅಂದ್ರ ಸಣ್ಣ ಸಂಗ್ತಿ ಅಲ್ಲ."

ನಾನು ಧೋತರವನ್ನು ಬಿಸಿಲಿಗೆ ಎತ್ತಿ ಹಿಡಿದು ಮುದ್ರೆಯನ್ನು ತೋರಿಸಿದೆ. ಅವರು ಓದಿದರು. ಈಚೆ ಬಂದು ಓದಲು ನೋಡಿದರು. ಆಮೇಲೆ ಕೂತು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ನಗು ನಿಂತ ಮೇಲೆ ಕೊಟ್ಟಿಗೆಯ ಹತ್ತಿರ ಆಡುತ್ತಿದ್ದ ಶಾಂತಾಳನ್ನು ನೋಡಿದರು. ಅವಳು ಎಡಗೈಯಲ್ಲಿ ಕರುವಿಗೆ ಹುಲ್ಲು ತಿನ್ನಿಸುತ್ತಿದ್ದಳು.

ಮಧ್ಯಾಹ್ನ ಕಟ್ಟೆಯ ಮೇಲೆ, ಇಡೀ ಊರಿನ ಗಂಡಸರ ನಡುವೆ, ಜೋಡೆತ್ತಿನ ಒಂದೊಂದು ಚಿತ್ರವನ್ನೂ ಬಾಯಿಪಾಠ ಹೇಳಬಲ್ಲ ನಿಮ್ಮಜ್ಜ ತಲೆ ತಗ್ಗಿಸಿ, "ಎಡಗೈ. ನಾ ಸರಿಯಾಗಿ ನೋಡೇನಿ, ಎಡಗೈಲೇನ ಉಂಡ" ಅಂದರು.

ಅವರಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. "ಹೆಂಡ್ತಿ ಮಗ್ಗಲದಾಗ ಕುಂತು ನೋಡಿದೀಯೇನೋ?" ಎಂದು ಒಬ್ಬ ಕೂಗಿದ. ಅದೇ ಅಲ್ಲವೇ ನಿಜ ಎಂದು ನಾನು ಬಾಗಿಲ ಸಂದಿಯಲ್ಲಿ ಅಂದುಕೊಂಡೆ. ಆ ದಿನದಿಂದ ಎರಡು ವರ್ಷ ಸಿನೆಮಾದ ವಿಷಯದಲ್ಲಿ ಇಂದೂರಿನಲ್ಲಿ ಅವರ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅವರು ಜೋಡೆತ್ತಿನ ಬಗ್ಗೆ ಏನು ಹೇಳಲು ಹೋದರೂ ಶಿವಪ್ಪನವರು ಎಡಗೈ ಎತ್ತಿ ತೋರಿಸುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಆಮೇಲೆ ಅವರು ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನಗೊಬ್ಬಳಿಗೇ ಚಿತ್ರಗಳ ಗುಣ ಹೇಳತೊಡಗಿದರು. ಶಾಂತಾ ನಮ್ಮ ನಡುವೆ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದಳು. ನನಗೇನೂ ನಷ್ಟವಾಗಲಿಲ್ಲ.

ಆದರೆ ಮೂರನೆಯ ವರ್ಷ ಬೇರೆ ಮಾಲೀಕನ ಹೊಸ ತಂಬು ಬಂತು. ಪರದೆ ದಪ್ಪ, ಹೆಂಗಸರಿಗೂ ಮುಂದೆಯೇ ಜಾಗ, ನಡುವೆ ಒಂದು ಹಗ್ಗ ಅಷ್ಟೇ. ಕಾಲ ಬದಲಾಗಿತ್ತು, ಹಿರಿಯರೂ ಗೊಣಗಿ ಸುಮ್ಮನಾದರು. ಜೋಡೆತ್ತಿನ ಚಿತ್ರವೇ ಬಂದಿತ್ತು. ಅಕ್ಷರಗಳು ನನ್ನ ಕಡೆ ಮುಖ ಮಾಡಿ ಬಂದವು. ಎಷ್ಟು ವರ್ಷದ ಮೇಲೆ ರಾಜಿಯಾದವು, ಆದರೆ ನನಗೆ ಓದುವ ಮನಸ್ಸಿರಲಿಲ್ಲ. ನಾಯಕ ಊಟಕ್ಕೆ ಕೂತ. ಬಲಗೈಯಲ್ಲಿ ಉಂಡ. ನಾನು ಅತ್ತೆಯವರ ಕಡೆ ನೋಡಲಿಲ್ಲ. ಹಗ್ಗದ ಆಚೆಯಿಂದ ಶಿವಪ್ಪನವರು ಕೆಮ್ಮಿದ್ದು ಕೇಳಿಸಿತು. ಗಾಡಿಯಲ್ಲಿ ಮನೆಯ ತನಕ ನಾನು ಮಡಿಲಲ್ಲಿ ಮಲಗಿದ್ದ ಶಾಂತಾಳ ಎಡಗೈ ಹಿಡಿದುಕೊಂಡೇ ಕೂತಿದ್ದೆ.

ಬೆಳಿಗ್ಗೆ ಶಿವಪ್ಪನವರು ಬರುವುದನ್ನೇ ಅತ್ತೆಯವರು ಕಾಯುತ್ತಿದ್ದರು.

"ನೋಡಿದೆಲ್ಲ ಬೇ?" ಅಂದರು ಅವರು.

"ನೋಡಿದೆ. ಅಂಜಿಬಿಟ್ಟಾರ."

"ಯಾರು?"

"ಬಸಪ್ಪ, ಮಾಲಪ್ಪ! ನಿಮ್ಮಂಥಾ ಗಂಡಸರು ಊರೂರಾಗ ಕುಂತು ಎಡಗೈ ಎಡಗೈ ಅಂತ ಆಡಿಕೊಂಡ್ರ ಅವ್ರೇನ ಮಾಡ್ತಾರ? ಪಾಪ, ಹೊಟ್ಟಿಪಾಡು. ಕೈ ಬದಲ ಮಾಡ್ಯಾರ."

ಶಿವಪ್ಪನವರು ಬಸಪ್ಪ ಮಾಲಪ್ಪ ಯಾರು ಎಂದೂ ಕೇಳಲಿಲ್ಲ.

"ಅವ್ರು ಅಂಜಲಿ," ಅಂದರು ಅತ್ತೆಯವರು, "ನಾ ಅಂಜೂದಿಲ್ಲ. ಪೂಜಿ ಮಾಡೂವಾಗ ಲಿಂಗ ಯಾವ ಕೈಯಾಗ ಕೂಡತೈತೋ? ಎಡಗೈಯಾಗ. ದೇವರನ್ನ ಹಿಡಿಯೂ ಕೈ ತುತ್ತು ಹಿಡೀಬಾರದೇನು? ಹೋಗು, ನಿನ್ನ ಕೈ ತೊಳಕೊಂಡು ಉಣ್ಣಾಕ ಬಾ."

ಅಷ್ಟು ವರ್ಷ ಒಂದು ಒದ್ದೆ ಅರಿವೆಯ ಮರೆಯಲ್ಲಿ ನಾನೇ ಮಗಳ ಕೈ ಕಾಯುತ್ತಿದ್ದೇನೆ ಎಂದು ಹೆಮ್ಮೆಪಟ್ಟಿದ್ದೆ. ಒಮ್ಮೆ ಬಾಯಿ ತೆರೆದು ಕೇಳಿದ್ದರೆ ಅತ್ತೆಯವರು ಅಂದೇ ಬಿಚ್ಚುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ.

ನಿಮ್ಮವ್ವ ಆ ಕೈಯಿಂದಲೇ ಹಳಿಯಾಳದ ಶಾಲೆಯಲ್ಲಿ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಳು. ಎಡಚ ಮಕ್ಕಳು ಕಂಡರೆ, "ಅಂಜಬ್ಯಾಡ್ರಿ, ಹಿಂದಕ ಸಿನೆಮಾ ಹೀರೋಗಳೆಲ್ಲ ಎಡಗೈಲೆ ಉಣ್ತಿದ್ರು, ನಾ ಸಣ್ಣಾಕಿದ್ದಾಗ ನೋಡೇನಿ" ಎಂದು ಈಗಲೂ ಹೇಳುತ್ತಾಳೆ. ನಾನು ಪಕ್ಕದಲ್ಲೇ ಇದ್ದು ಸುಮ್ಮನಿರುತ್ತೇನೆ. ಅವಳನ್ನು ಏನಂತ ತಿದ್ದಲಿ? ಹೋದ ವರ್ಷ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಟೀವಿಯಲ್ಲಿ ಟಪಾಲಿನ ಪಿಚ್ಚರ್ ಬಂತು. ಅವನು ಊಟಕ್ಕೆ ಕೂತು ಬಲಗೈ ಎತ್ತಿದಾಗ, ಇವನು ಆ ನನ್ನ ಟಪಾಲಿನವನಲ್ಲ, ಯಾರೋ ಬೇರೆಯವನು ಬಂದು ಅವನ ತಟ್ಟೆಗೆ ಕೂತಿದ್ದಾನೆ ಅನ್ನಿಸಿತು. ತಡೆಯಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಟೀವಿಯ ಹಿಂದೆ ಹೋಗಿ ನೋಡಿದೆ. ಅಲ್ಲಿ ಧೂಳು ಮತ್ತು ವಾಯರು ಬಿಟ್ಟರೆ ಏನೂ ಇರಲಿಲ್ಲ. ಹೀಗೆ ಸಿನೆಮಾ ನೋಡುವ ಅಜ್ಜಿಗೆ ಏನು ತಿಳಿಯುತ್ತದೆ ಎಂದು ಬಸು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಈ ಹಾಳೆಗಳನ್ನು ಮೂವರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ. ಒದ್ದೆಯಾಗದ ಕಡೆ ಇಡಿ, ಇಲಿ ಹೋಗದ ಕಡೆ ಇಡಿ, ಮತ್ತು ನಾನಿರುವ ತನಕವಾದರೂ ನಿಮ್ಮವ್ವನ ಯಾವ ಕೈಗೂ ಸಿಗದ ಕಡೆ ಇಡಿ.